ರಾತ್ರಿ ಸಂತೆಯ ಹಲ್ಲಿನವನು

ಹಲ್ಲಿನವನ ಸುದ್ದಿ ದೊಡ್ಡಮ್ಮನ ಕಿವಿಗೆ ಬಿದ್ದದ್ದು ಪರದೇಶಕ್ಕೆ ಹೋದ ಮೂರನೇ ದಿನ. ಅವತ್ತು ಬೆಳಗ್ಗೆ ಲಾಡ್ಜಿನ ಬಚ್ಚಲಲ್ಲಿ ಅವಳ ಮೇಲಿನ ಹಲ್ಲಿನ ಸೆಟ್ಟು ಕೈಜಾರಿ ಬಿದ್ದು ಎರಡು ಹೋಳಾಗಿತ್ತು. ಊರಿಗೆ ಮರಳೋಕೆ ಇನ್ನೂ ಎಂಟು ದಿನ. ಅಲ್ಲಿಯವರೆಗೆ ಗಂಜಿಯೇ ಗತಿ, ಆಡಿದ ಮಾತೆಲ್ಲ ಗಾಳಿಯ ಪಾಲು.

ಅವಳನ್ನು ಜೊತೆಗೆ ಕರೆದುಕೊಂಡು ಹೋದವಳು ತಂಗಿಯ ಮಗಳು. ಗುಂಡಿ, ಲೇಸು ಮಾರುವ ಅಂಗಡಿ ಅವಳದು. ಹಿಂದಿನ ರಾತ್ರಿ ಸಂತೆಯಲ್ಲಿ ಸರಕು ಆರಿಸುವಾಗ ಕೇಳಿದ್ದು ಅವಳಿಗೆ ಈಗ ನೆನಪಾಯಿತು.

"ದೊಡ್ಡಮ್ಮಾ, ಅಲ್ಲೊಬ್ಬ ಕಟ್ಟಿಸಿದ ಹಲ್ಲು ರಿಪೇರಿ ಮಾಡ್ತಾನೆ. ಸೆಟ್ಟು ಕೈಯಲ್ಲಿ ಹಿಡ್ಕೊಂಡು ಅದರ ಜೊತೆ ನಮ್ಮ ಮಾತಲ್ಲೇ ಮಾತಾಡ್ತಿದ್ದ. 'ಅಲ್ಲಾಡಬೇಡ ಪುಟ್ಟಾ' ಅಂತಿದ್ದ!"

"ಹಲ್ಲಿನ ಜೊತೆ ಮಾತಾಡೋನ ಕೈಗೆ ನನ್ನ ಹಲ್ಲು ಕೊಡ್ಬೇಕಾ?" ಅಂದಳು ದೊಡ್ಡಮ್ಮ. ಬೊಚ್ಚುಬಾಯಿ, ಹಾಗಾಗಿ ಅಷ್ಟನ್ನೇ ಮೂರು ಸಲ ಹೇಳಬೇಕಾಯಿತು.

ಪರದೇಶದಲ್ಲಿ ನಮ್ಮ ಮಾತಾಡೋನು ಗಾಳದ ತುದಿಯ ಎರೆಹುಳ ಅನ್ನುವುದು ಅವಳ ಗಟ್ಟಿ ನಂಬಿಕೆ. ಆದರೆ ಹೊಟ್ಟೆ ಕೇಳಬೇಕಲ್ಲ. ಸಂಜೆ ಹೊರಟೇಬಿಟ್ಟಳು.

ಸಂತೆಯಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ದೊಡ್ಡಮ್ಮನ ಒಂದು ಕೈ ಸೊಂಟದ ಚೀಲದ ಮೇಲೆ, ಇನ್ನೊಂದು ಹಲ್ಲಿನ ಡಬ್ಬಿಯ ಮೇಲೆ. ಮೈ ತಗುಲಿಸಿದವನು ಕಳ್ಳ. ನಕ್ಕು ದಾರಿ ಬಿಟ್ಟವನು ಇನ್ನೂ ದೊಡ್ಡ ಕಳ್ಳ.

ಹಲ್ಲಿನವನು ಐವತ್ತು ದಾಟಿದ ಬೋಳುತಲೆಯ ಆಸಾಮಿ. ಅವನ ಗಾಜಿನ ಪೆಟ್ಟಿಗೆಯೊಳಗೆ ಹತ್ತಾರು ಸೆಟ್ಟುಗಳು ಕಿಸಿದುಕೊಂಡು ಕೂತಿದ್ದವು. ಇವೆಲ್ಲ ಯಾರ ಬಾಯಿಂದ ಬಂದವೋ ಅಂತ ದೊಡ್ಡಮ್ಮ ಯೋಚಿಸುತ್ತಿರುವಾಗಲೇ ಅವನು ಸ್ಟೂಲು ಎಳೆದ.

"ಬಾ ಪುಟ್ಟಾ, ಕೂತ್ಕೋ. ಆ ಅನ್ನು."

ಎಪ್ಪತ್ತೆರಡರ ಮುದುಕಿಗೆ ಈ ಮಾತು! ಅವಳ ಮೈ ಉರಿದುಹೋಯಿತು. "ನೀವು ಎಲ್ಲಿ ಕಲಿತ್ರಿ ಈ ಮರ್ಯಾದೆ?"

ಅವನು ಗಕ್ಕನೆ ತಿರುಗಿ ಬೆನ್ನ ಹಿಂದೆ ನೋಡಿದ. ಹಿಂದೆ ಒಂದು ಪರದೆ ಇಳಿಬಿದ್ದಿತ್ತು.

ದೊಡ್ಡಮ್ಮ ತಂಗಿಯ ಮಗಳನ್ನು ಚಿವುಟಿದಳು. "ನೋಡಿದ್ಯೇನೇ? ಒಳಗೆ ಇನ್ನೊಬ್ಬ ಇದ್ದಾನೆ. ಇಲ್ಲಿ ಇಸ್ಕೊಂಡು ಅಲ್ಲಿ ಬದಲಾಯಿಸ್ತಾರೆ. ಯಾವಳೋ ಸತ್ತೋಳ ಹಲ್ಲು ನನ್ನ ಬಾಯಿಗೆ!"

ದೊಡ್ಡಮ್ಮ ತಾನೇ ಹೋಗಿ ಪರದೆ ಎತ್ತಿದಳು. ಒಂದು ಬಕೆಟ್ಟು, ಒಂದು ಒದ್ದೆ ಬಟ್ಟೆ. ಮತ್ತೇನಿಲ್ಲ.

"ಯಾರೂ ಇಲ್ಲ," ಅಂದ ಹಲ್ಲಿನವನು, ತಾನೇ ತಬ್ಬಿಬ್ಬಾಗಿ. "ನೀನು 'ನೀವು' ಅಂದ್ಯಲ್ಲ, ಅದಕ್ಕೆ ನೋಡಿದೆ. ನೀವು ಅಂದ್ರೆ ನಾನೂ ಅಕ್ಕನೂ. ಅಕ್ಕ ಸತ್ತು ಎರಡು ವರ್ಷ ಆಯ್ತು. ನಿಂಗೆ ಅವಳು ಗೊತ್ತಾ?"

ಅವನ ಅಮ್ಮ ಮದುವೆಯಾಗಿ ಆ ದೇಶ ಸೇರಿದವಳಂತೆ. ಆಸ್ಪತ್ರೆಯ ಬಟ್ಟೆ ಒಗೆದು ಇಬ್ಬರು ಮಕ್ಕಳನ್ನು ಸಾಕಿದಳಂತೆ. ಆ ಮನೆಯ ಹೊಸಿಲಾಚೆ ನಮ್ಮ ಮಾತನ್ನು ಅವನು ಕೇಳಿದ್ದೇ ಇಲ್ಲ. ಅಮ್ಮ ಮಕ್ಕಳಿಗೆ ಹೇಳಿದಷ್ಟೇ ಅವನ ಭಾಷೆ: ಒಬ್ಬರಿದ್ದರೆ ಪುಟ್ಟ, ಇಬ್ಬರಿದ್ದರೆ ನೀವು. ಇಪ್ಪತ್ತು ವರ್ಷ ಹಲ್ಲು ತಯಾರಿಸುವ ಕಡೆ ಕೆಲಸ ಮಾಡಿ, ಅದು ಮುಚ್ಚಿದ ಮೇಲೆ ಸಂತೆಯಲ್ಲಿ ಕೂತ. ಮೊದಲು ಅಮ್ಮ ಹೋದಳು, ಆಮೇಲೆ ಅಕ್ಕ. ಮಾತಾಡಲು ಉಳಿದದ್ದು ಹಲ್ಲುಗಳು.

"ಕಥೆಯೇನೋ ಚೆನ್ನಾಗಿದೆ," ಅಂದಳು ದೊಡ್ಡಮ್ಮ. "ಕೆಲಸ ನನ್ನ ಕಣ್ಣೆದುರಿಗೇ ಆಗ್ಬೇಕು."

ಅವನು ಗುಲಾಬಿ ಬಣ್ಣದ ಪುಡಿ ಕಲಸಿ ಬಿರುಕಿಗೆ ತುಂಬಿದ, ಒಣಗಲು ಬಿಟ್ಟ, ಉಜ್ಜಿದ. ದೊಡ್ಡಮ್ಮ ಕಣ್ಣು ಕೀಳಲಿಲ್ಲ. ಪಕ್ಕದವನು ದಾರ ಕೇಳಲು ಬಂದರೆ ಅವನ ಕೈಯನ್ನೂ ನೋಡಿದಳು. ಕೊನೆಗೆ ಸೆಟ್ಟು ಇಸಿದುಕೊಂಡು ಬಲಗಡೆ ಹಿಂದೆಂದೋ ಮೂಲೆ ಮುರಿದಿದ್ದ ಹಲ್ಲನ್ನು ಬೆರಳಿಂದ ಸವರಿದಳು. ತನ್ನದೇ.

ಬಾಯಿಗೆ ಹಾಕಿ ನಾಲಿಗೆಯಿಂದ ನೂಕಿದಳು. ಅಲ್ಲಾಡಲಿಲ್ಲ. ಊರಿನ ಡಾಕ್ಟರು ಕೊಟ್ಟಾಗಲೂ ಇಷ್ಟು ಬಿಗಿಯಾಗಿ ಕೂತಿರಲಿಲ್ಲ.

"ಮಾತಾಡು ನೋಡೋಣ," ಅಂದ.

"ಸಾಸಿವೆ. ಸೂಜಿ. ಸಂತೆ. ಸುಳ್ಳ." ಒಂದೊಂದೂ ನಾಣ್ಯ ಬಿದ್ದ ಹಾಗೆ ಖಣಖಣ.

"ಇನ್ನೂ."

ಅವಳು ತನ್ನ ಊರು, ಬೀದಿ, ಸತ್ತ ಗಂಡನ ಗೊರಕೆ ಎಲ್ಲ ಹೇಳಿದಳು. ಅವನು ಕೆನ್ನೆಗೆ ಕೈಯಿಟ್ಟು ಕೇಳುತ್ತಾ ಕೂತ. "ಕೂತಿದೆಯಪ್ಪಾ, ಬರ್ತೀವಿ," ಅಂತ ಎದ್ದಳು.

ಅವನು ಟಾರ್ಚು ಹಾಕದೆಯೇ ಅವಳ ಬಾಯೊಳಗೆ ಇಣುಕಿದ. ಸಂಜೆಯಿಂದ ಅವನ ಒಂದು ಸುಳ್ಳಿಗಾಗಿ ಹೊಂಚುಹಾಕಿದ್ದ ದೊಡ್ಡಮ್ಮನಿಗೆ ಅದು ಸಿಕ್ಕಿದ್ದು ಆಗ.

"ಸರಿಯಾಗಿ ಕೂತಿಲ್ಲ ಪುಟ್ಟಾ," ಅಂದ. "ಇನ್ನೊಂದು ಸ್ವಲ್ಪ ಮಾತಾಡು."