ರೆಕ್ಕೆಯ ಸರ್ಪದ ಎರಡನೇ ಭಾಗ

ಥಿಯೇಟರಿನ ತಂಪಿಗೆ ಕೂತರೆ ನನಗೆ ನಿದ್ದೆ ಬರುತ್ತದೆ. ಟಿಕೆಟ್ಟಿನ ಜೊತೆ ಪುಕ್ಕಟೆ ಸಿಗುವ ಸುಖ ಇದು ಎಂದೇ ತಿಳಿದಿದ್ದೆ. ಈ ಸುಖದಿಂದ ಒಬ್ಬರ ಮರ್ಯಾದೆಗೆ ಸಂಚಕಾರ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆ ಒಬ್ಬರು ನನ್ನ ಸೋದರತ್ತೆ ಗಂಗವ್ವ. ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದು ಮೂವತ್ತು ವರ್ಷವಾದರೂ ಅವಳ ಮರಾಠಿ ತರಕಾರಿ ಗಾಡಿಯ ಆಚೆಗೆ ಹೋಗಿಲ್ಲ. ಇಂಗ್ಲಿಷಿನ ಮಾತಂತೂ ಬೇಡ. ಆದರೆ ರಾಜ, ಕುದುರೆ, ರಾಕ್ಷಸ ಇರುವ ಸಿನಿಮಾ ಯಾವ ಭಾಷೆಯದಾದರೂ ಬಿಡುವವಳಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಪಿಸುಗುಟ್ಟಬೇಕು. ಮರುದಿನ ಮಧ್ಯಾಹ್ನ ನಮ್ಮ ಚಾಳಿನ, ಅಂದರೆ ವಠಾರದ, ಕನ್ನಡದ ಹೆಂಗಸರು ಶೇಂಗಾ ಸುಲಿಯಲು ಸೇರಿದಾಗ ಅವಳು ಅದನ್ನು ಕಥೆಯಾಗಿ ಹೇಳಬೇಕು. ಹೇಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಚಾಳೆಲ್ಲ ಒಪ್ಪಿತ್ತು.

ಪುಣೆಯ ಅಂಚಿನ ಖರಾಡಿಯ ಹೊಲಗಳಲ್ಲಿ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ. ಭಾರಿ ಖರ್ಚಿನ ಇಂಗ್ಲಿಷ್ ಸಿನಿಮಾ ಒಂದಕ್ಕೆ ಇಬ್ಬರೂ ಹೋದೆವು. ಹಿಮದ ಗುಡ್ಡ, ರಾಜಕುಮಾರ, ಬೆಂಕಿ ಉಗುಳುವ ರೆಕ್ಕೆಯ ಸರ್ಪ. ಇಂಟರ್ವಲ್ ಆದಮೇಲೆ ನಾನು ಗಡದ್ದಾಗಿ ಮಲಗಿಬಿಟ್ಟೆ. ಎಚ್ಚರವಾದಾಗ ರಾಜಕುಮಾರ ಸರ್ಪವನ್ನು ಕೊಲ್ಲದೆ ಅಳುತ್ತ ನಿಂತಿದ್ದ. ಯಾಕೆ ಅಂತ ಯಾರನ್ನು ಕೇಳಲಿ? "ಅದು ಅವನ ಅಣ್ಣ ಅತ್ತಿ, ಋಷಿ ಶಾಪ ಕೊಟ್ಟಾನ" ಎಂದುಬಿಟ್ಟೆ. ಅತ್ತೆ ಕಣ್ಣೊರೆಸಿಕೊಂಡಳು. ಚಾಳಿನಲ್ಲಿ ಆ ಅಣ್ಣನ ಕಥೆ ಒಂದು ತಿಂಗಳು ನಡೆಯಿತು.

ಎರಡು ವರ್ಷಕ್ಕೆ ಎರಡನೇ ಭಾಗ ಬಂತು. ಅಣ್ಣನ ಗತಿ ಏನಾಯಿತೆಂದು ನೋಡಲು ಆರು ಹೆಂಗಸರು ನಮ್ಮ ಜೊತೆ ಹೊರಟರು. ನನ್ನ ಸುಳ್ಳು ಬಯಲಾದರೆ ಹೋಗುವುದು ನನ್ನ ಮಾನವಲ್ಲ, ಅತ್ತೆಯದು. ಆ ಭಯಕ್ಕೆ ಜನ್ಮದಲ್ಲಿ ಮೊದಲ ಸಲ ಪೂರ್ತಿ ಎಚ್ಚರವಿದ್ದು ಸಿನಿಮಾ ನೋಡಿದೆ.

ಹಾಗೆ ನೋಡಿದವನ ಅಭಿಪ್ರಾಯಕ್ಕೆ ಸ್ವಲ್ಪ ಬೆಲೆ ಇರಬೇಕು. ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕೋಟೆ ಕುಸಿಯುವಾಗ ನಮ್ಮ ಖುರ್ಚಿಗಳೇ ನಡುಗಿದವು. ಸರ್ಪ ಉಸಿರಾಡಿದರೆ ಹಿಮ ಕರಗಿ ಹನಿಯುವುದೂ ಕಾಣುತ್ತಿತ್ತು. ಆದರೆ ಮೊದಲ ಭಾಗದಲ್ಲಿ ಒಂದು ಸರ್ಪಕ್ಕೆ ಹೆದರಿ ಸತ್ತಿದ್ದೆವು. ಇಲ್ಲಿ ಇಪ್ಪತ್ತು ಬಂದವು, ಒಂದಕ್ಕೂ ಹೆದರಲಾಗಲಿಲ್ಲ. ಎಡವಿ ಬಿದ್ದು ನಗಿಸುತ್ತಿದ್ದ ರಾಜಕುಮಾರ ಈಗ ಮಾತೆತ್ತಿದರೆ ಭಾಷಣ. ಯುದ್ಧವಂತೂ ಮುಗಿಯಲೊಲ್ಲದು. "ಇಷ್ಟು ದಂಡಿಗೆ ರೊಟ್ಟಿ ಬಡಿಯೋರು ಯಾರ್ರೀ?" ಎಂದು ಪಕ್ಕದ ಮನೆಯ ಶಾಂತವ್ವ ಕೇಳಿದರು. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಯಾವ ಪೇಪರಿನಲ್ಲೂ ಓದಲಿಲ್ಲ.

ಕೊನೆಗೆ ರಾಜಕುಮಾರ ಕತ್ತಿ ಎತ್ತಿ ಅದೇ ಹಳೆಯ ಸರ್ಪದ ಕುತ್ತಿಗೆ ಕಡಿದ. ಕಡಿದು ನಕ್ಕ! ಸಾಲಿನ ಆರೂ ತಲೆಗಳು ಅತ್ತೆಯತ್ತ ತಿರುಗಿದವು.

"ಅಣ್ಣ ಅಂದಿದ್ರಲ್ಲ ಗಂಗವ್ವಾರ? ಒಡಹುಟ್ಟಿದಾಂವನ್ನ ಕಡದು ನಗತಾನಲ್ರೀ ಇಂವಾ!" ಎಂದರು ಶಾಂತವ್ವ.

ನಾನು ಖುರ್ಚಿಯಲ್ಲಿ ಕೆಳಗೆ ಜಾರಿದೆ. ಅತ್ತೆ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕಡದಿಲ್ಲವ್ವಾ, ಬಿಡಿಸ್ಯಾನ. ಶಾಪ ಹತ್ತಿದವರಿಗೆ ತಮ್ಮವರ ಕೈಯಾಗ ಸತ್ತರಷ್ಟ ಬಿಡುಗಡಿ. ಪುರಾಣದಾಗ ಎಷ್ಟು ರಾಕ್ಷಸರು ಹಂಗ ಪಾರಾಗಿಲ್ಲ? ಅಣ್ಣ ಮ್ಯಾಲ ಹೋದ ಅಂತ ನಗಾಕತ್ತಾನ, ಪಾಪ."

ಆರೂ ಮಂದಿ ಸೆರಗು ಕಣ್ಣಿಗೆ ಒತ್ತಿಕೊಂಡರು. ಅಷ್ಟು ಕೋಟಿ ಸುರಿದವರು ತರಿಸಲಾಗದ ಕಣ್ಣೀರು ಅದು.

ಮನೆಗೆ ಬರುವಾಗ ಹೆಂಗಸರು ಮುಂದೆ ಹೋದಮೇಲೆ ನಾನು ತಡೆಯಲಾರದೆ, "ಅತ್ತಿ, ಆವತ್ತ ನಾ..." ಎಂದೆ.

"ಮಲಗಿದ್ದಿ. ಗೊತ್ತದ. ನಿನ್ನ ಗೊರಕಿ ಕೇಳಿ ಮುಂದಿನ ಸಾಲಿನಾಂವ ಎರಡು ಸಲ ತಿರುಗಿ ನೋಡಿದ್ದ."

"ಮತ್ತ ಅತ್ತಿದ್ದ್ಯಲ್ಲ?"

"ಕಥಿ ಛಲೋ ಇತ್ತಲ್ಲೋ, ಅಳು ಖರೇನ ಬಂತು." ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದಳು: "ಮೂರನೇದು ಬಂದ್ರ ಹೇಳು, ಹೋಗೂಣು. ಆದ್ರ ಈ ಸಲದ್ಹಂಗ ಎಚ್ಚರ ಇರಬ್ಯಾಡ."