ಎದುರು ಜಗಲಿ

ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಲಾರಿ ಪಕ್ಕದಲ್ಲಿ ಹಾದರೆ ಸಾಕು, ಆ ಘಾಟು ವಾಸನೆ ನನ್ನನ್ನು ತೆರಕಣಾಂಬಿಯ ನಮ್ಮ ಮನೆಗೆ ಎಳೆದೊಯ್ಯುತ್ತದೆ. ಬಾಗಿಲಿನ ಎರಡು ಕಡೆಗೂ ಜಗಲಿಯಿತ್ತು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಸಾವಿತ್ರತ್ತೆ, ಅಜ್ಜಿ ಎಷ್ಟು ಗೊಣಗಿದರೂ ಕೇಳದೆ, ಸಂಜೆ ಹೊಸ್ತಿಲ ಮೇಲೆಯೇ ಕೂತು ಚೆಂಡುಹೂ ಕಟ್ಟುತ್ತಿದ್ದಳು. ನಾನೂ ತಮ್ಮ ಮಹೇಶನೂ ಕಿತ್ತಾಡಿದರೆ ಬೈಯುತ್ತಿರಲಿಲ್ಲ. ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸಿ ದೂರು ಕೇಳಿ, "ಈಗ ಜಾಗ ಬದ್ಲಾಯಿಸ್ಕಳಿ. ನೀನು ಅವ್ನಾಗಿ ಹೇಳಮ್ಮಿ" ಅನ್ನುತ್ತಿದ್ದಳು. ಎಂಥಾ ಹಿಂಸೆ ಗೊತ್ತೇ ಅದು! ಅವನ ಬಾಯಲ್ಲಿ ಹೇಳುತ್ತಾ ಹೇಳುತ್ತಾ ನನ್ನ ಸಿಟ್ಟೇ ಇಳಿದುಹೋಗುತ್ತಿತ್ತು.

ಅದೇ ಚಾಳಿಯನ್ನು ಕ್ಲಾಸಿಗೂ ಒಯ್ದಳು. ಯುದ್ಧದ ಪಾಠ ಬಂದರೆ ಗೆದ್ದ ದೊರೆಯ ಕಡೆ ಕೂತವರು ಎದ್ದು ಸೋತ ಊರಿನವರಾಗಿ ಮಾತಾಡಬೇಕು. ಪಕ್ಕದ ಮನೆ ಬಸಣ್ಣನ ಮಗಳು ಮಂಗಳ ಒಂದು ದಿನ ಹಾಗೆ ಎದ್ದು ನಿಂತು, "ನಮ್ಮೂರ ಸುಟ್ಟೋನಿಗೆ ನಾವ್ಯಾಕೆ ಜೈ ಅನ್ಬೇಕು?" ಎಂದುಬಿಟ್ಟಳು. ಕಿಟಕಿಯಾಚೆಯಿಂದ ಯಾರೋ ಮೊಬೈಲಿನಲ್ಲಿ ಹಿಡಿದರು. ದೊರೆಗೆ ಅವಮಾನ, ದೇಶದ್ರೋಹ ಎಂದು ಶಾಲೆಯ ಮುಂದೆ ಜನ ಕೂಗಿದರು. ಜೀಪು ಅತ್ತೆಯನ್ನು ಚಾಮರಾಜನಗರಕ್ಕೆ ಕರೆದೊಯ್ದಿತು. ತಪ್ಪಾಯಿತೆಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರಂತೆ. "ಪ್ರಶ್ನೆ ಕೇಳೋದ ಕಲಿಸ್ದೆ. ಅದ್ಕೆ ತಪ್ಪಾಯ್ತು ಅನ್ನಕ್ಕಾಯ್ತದಾ?" ಎಂದಳಂತೆ. ಜಾಮೀನಿನ ಮೇಲೆ ಮನೆಗೆ ಬಂದಳು, ಕೆಲಸ ಹೋಯಿತು. ದೂರಿಗೆ ಸಹಿ ಹಾಕಿದವನು ಬಸಣ್ಣ.

"ಅವ್ನ ಮನೆ ಹೆಂಚಿಗೆ ಕಲ್ಲು ಬೀರ್ತೀನಿ" ಎಂದು ನಾನು ಕುದಿಯುತ್ತಿದ್ದೆ. ಅತ್ತೆ ಎದುರು ಜಗಲಿ ತೋರಿಸಿದಳು. "ಅಲ್ಲಿ ಕೂತ್ಕ. ಬಸಣ್ಣ ಆಗಿ ಹೇಳು." ಆಗಲ್ಲ ಎಂದು ಕಿರುಚಿದೆ. ಕೊನೆಗೆ ಕೂತೆ. "ಮಾತಾಡಿದ್ದು ನನ್ ಮಗ್ಳು. ಅವ್ಳ ಎಳ್ಕೊಂಡು ಓಗ್ಬುಡ್ತಾರೆ ಅಂತ ಟೀಚರಮ್ಮನ್ ಹೆಸ್ರು ಕೊಟ್ಬುಟ್ಟೆ..." ಎಂದು ಅವನಾಗಿ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವ್ನ ಅಷ್ಟು ಹೆದ್ರಿಸ್ದೋರು ಯಾರು ಅಂತ ಕೇಳು ಕಣಮ್ಮಿ" ಅಂದಳು.

ಕೇಸು ಮುಗಿಯುವ ಮೊದಲೇ ಅವಳು ತೀರಿಕೊಂಡಳು. ರಸ್ತೆ ಅಗಲ ಮಾಡುವಾಗ ಎರಡೂ ಜಗಲಿ ಹೋದವು. ಈಗ ನಾನೂ ಚರಿತ್ರೆ ಕಲಿಸುತ್ತೇನೆ. "ಪುಸ್ತಕದಲ್ಲಿ ಇರೋದಷ್ಟೇ ಓದ್ಸಿ ಮೇಡಂ" ಎಂದು ಮೊನ್ನೆ ಹೆಡ್ಮಾಸ್ಟರು ಮೆಲ್ಲಗೆ ಹೇಳಿದರು. ಅವರ ಹೆದರಿಕೆಯೂ ನನಗೆ ಗೊತ್ತು. ನಾಳೆ ಅದೇ ಯುದ್ಧದ ಪಾಠ. ಸಂಜೆ ಬೆಂಚುಗಳನ್ನು ಎದುರುಬದುರು ಎಳೆದಿಟ್ಟು ಬಂದಿದ್ದೇನೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಜಾಗ ಬದಲಾಯಿಸಿ ಎನ್ನಲು ಅತ್ತೆ ಇಲ್ಲ. ನಾನೇ ಅನ್ನಬೇಕು.