ಬಾವಿಯ ಹತ್ತಿರ ಕೇಳಿದ ಕನ್ನಡ

ದೆವ್ವ, ಭಾನಾಮತಿ, ಮೈಮೇಲೆ ಬರುವುದು ಇದ್ಯಾವುದನ್ನೂ ನಾನು ನಂಬಿದವಳಲ್ಲ. ಹಗರಿಬೊಮ್ಮನಹಳ್ಳಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದೆ. ಅಂಗೈ ಮೇಲೆ ಕರ್ಪೂರ ಉರಿಸಿ, ನಿಂಬೆಹಣ್ಣಿನಿಂದ ರಕ್ತ ಬರಿಸಿ, ಅದರ ಹಿಂದಿನ ಗುಟ್ಟನ್ನು ಮಕ್ಕಳಿಗೆ ಬಿಡಿಸಿ ಹೇಳಲು ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಶಾಲೆಗಳಿಗೆಲ್ಲ ಹೋಗಿ ಬಂದಿದ್ದೇನೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ಅರ್ಧಕ್ಕೇ ನಕ್ಕುಬಿಡುತ್ತಿದ್ದೆ. ಈಗ ಹೇಳುವ ಸರದಿ ನನ್ನದು. ನೀವು ನಕ್ಕರೆ ಬೇಸರವಿಲ್ಲ.

ನಾನು ನಿವೃತ್ತಳಾದ ಮರುವರ್ಷದ ಮಾತು. ಕೊಟ್ಟೂರಿನ ಕೊಟ್ರೇಶ ಎಂಬಾತ ನಮ್ಮ ಕಡೆಯವರನ್ನು ಕಾಶಿ, ರಾಮೇಶ್ವರ ಎಂದು ಟೂರಿಗೆ ಕರೆದೊಯ್ಯುತ್ತಿದ್ದ. ಆ ಸಲ ಹೊಸ ಸಾಹಸ ಮಾಡಿದ. ಚೆನ್ನೈನಿಂದ ಪ್ರವಾಸಿ ಹಡಗಿನಲ್ಲಿ ಶ್ರೀಲಂಕಾಕ್ಕೆ ಹೋಗಿ ಬರುವುದು, ಐದು ದಿನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲ್ಲೂಕು ಸೇರಿ ಇಪ್ಪತ್ತೆರಡು ಜನ ಆದೆವು. ಬಹುಮಂದಿ ಐವತ್ತು ದಾಟಿದವರು, ಸಮುದ್ರವನ್ನೇ ಕಾಣದವರು. ನನ್ನ ಜೊತೆಗೆ ಅಣ್ಣನ ಹೆಂಡತಿ ಹಾಲಮ್ಮ ಇದ್ದಳು. ಹಲವಾಗಲಿನ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಎಂಥ ದೊಡ್ಡವರೆದುರೂ ಮಾತಿಗೆ ಹಿಂಜರಿದವಳಲ್ಲ.

ಹೊರಡಲು ಒಂದು ತಿಂಗಳಿರುವಾಗ ಆ ದೇಶದಲ್ಲಿ ಚಂಡಮಾರುತದ ಮಳೆ ಹೊಯ್ದು, ಗುಡ್ಡ ಕುಸಿದು, ಎಷ್ಟೋ ಊರುಗಳು ಮುಳುಗಿದವು. ಪ್ರವಾಸ ರದ್ದಾಗುತ್ತದೆ ಅಂದುಕೊಂಡೆವು. ಆಗಲಿಲ್ಲ. ಬಂದರಿಗೆ ಏನೂ ಆಗಿಲ್ಲ, ಅಲ್ಲಿಯವರೇ ಬನ್ನಿ ಎನ್ನುತ್ತಿದ್ದಾರೆ, ಪ್ರವಾಸಿಗರಿಲ್ಲದಿದ್ದರೆ ಅವರ ಹೊಟ್ಟೆಪಾಡು ನಡೆಯುವುದಿಲ್ಲ ಎಂದು ಹಡಗಿನವರು ತಿಳಿಸಿದರು.

ಹಡಗಿನಲ್ಲಿ ಈಜುಕೊಳ, ಹಾಡು, ಕುಣಿತ, ಊಟಕ್ಕೆ ಏಳೆಂಟು ಬಗೆಯ ಸಿಹಿ. ಬಂದರು ಮುಟ್ಟುವ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮ್ಮವರಲ್ಲೇ ವಾದ ಹತ್ತಿತು. ಕೂಡ್ಲಿಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ವೀರಪ್ಪನವರು ತಟ್ಟೆ ಸರಿಸಿ, "ಅವ್ರ ಮನಿ ಮುಳುಗಿ ಹೋಗ್ಯಾವ. ನಾವು ಹೋಗಿ ಅವ್ರ ದಂಡಿ ಮ್ಯಾಲ ಕುಣಿಯೂದು ಏನ್ ಚಂದ ಐತ್ರಿ? ನಾ ಇಳಿಯಂಗಿಲ್ಲ" ಎಂದರು.

ಕೊಟ್ರೇಶ ಬಿಡಲಿಲ್ಲ. "ನೀವು ಇಳೀಲಿಲ್ಲಂದ್ರ ಅವ್ರ ಮನಿ ಎದ್ದು ನಿಂದ್ರತಾವೇನ್ರಿ ಅಣ್ಣಾರ? ವ್ಯಾನಿನವ ಬೆಳಿಗ್ಗಿಂದ ಕಾಯಾಕತ್ಯಾನ. ಅವಂಗೂ ಹೆಂಡ್ರು ಮಕ್ಕಳು ಅದಾರ."

ನನಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಕೊನೆಗೆ ಎಲ್ಲರೂ ಇಳಿದೆವು. ವೀರಪ್ಪನವರೂ ಎಲ್ಲರ ಹಿಂದೆ ಮುಖ ಗಂಟು ಹಾಕಿಕೊಂಡು ಇಳಿದರು.

ವ್ಯಾನಿನ ಚಾಲಕನ ಹೆಸರು ನಿಮಲ್. ಇಂಗ್ಲಿಷ್ ಬಲ್ಲವನು. ಬೀಚಿನಿಂದ ಅರ್ಧ ಗಂಟೆ ಮುಂದೆ ಹೋದರೆ ನೀರು ನುಗ್ಗಿದ ಹಳ್ಳಿಯೊಂದಿದೆ, ಬೇಕಾದರೆ ತೋರಿಸುತ್ತೇನೆ, ಬಂದವರೆಲ್ಲ ಫೋಟೊ ತೆಗೆದುಕೊಂಡು ಹೋಗುತ್ತಾರೆ ಎಂದ. ಹೋಗೋಣ ಎಂದವಳು ನಾನೇ. ಮುಂದೆ ಶಾಲೆಗಳಿಗೆ ಹೋದಾಗ ಪ್ರವಾಹದ ಪಾಠಕ್ಕೆ ಮಕ್ಕಳಿಗೆ ತೋರಿಸಬಹುದು ಎಂದು ನೆಪ ಹೇಳಿಕೊಂಡೆ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ಆ ದಿನ ನನಗೆ ನಾಚಿಕೆಯಾಗಬೇಕಾದ ಸಂಗತಿಯೆಂದರೆ ಇದೊಂದೇ.

ಉಳಿದವರು ಮುರಿದ ಸೇತುವೆಯ ಹತ್ತಿರ ನಿಂತರು. ವೀರಪ್ಪನವರು ವ್ಯಾನ್ ಬಿಟ್ಟು ಇಳಿಯಲಿಲ್ಲ. ನಾನು ಮತ್ತು ಅತ್ತಿಗೆ ಓಣಿಯೊಂದರಲ್ಲಿ ನಡೆದೆವು. ಗೋಡೆಗಳ ಮೇಲೆ ಆಳೆತ್ತರಕ್ಕೆ ಕೆಸರಿನ ಗೆರೆ. ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕ ಎಲ್ಲ ಬಿಸಿಲಿಗೆ ಹರಡಿದ್ದವು. ನಾನು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದೆ.

"ಆ ಫೋನ್ ಇಳಸು" ಎಂದಳು ಅತ್ತಿಗೆ. "ಮಂದಿ ಮೋತಿ ಮುಂದ ಹಿಡಕಂಡು ಹೊಂಟೀಯಲ್ಲ."

ನಾನು ವಿಡಿಯೊ ನಿಲ್ಲಿಸಿದೆ ಅಂದುಕೊಂಡು ಕೈ ಇಳಿಬಿಟ್ಟೆ. ಅಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಬರ್ರಿ, ಕುಂದರ್ರಿ. ನಿಂತು ನೋಡಿ ಹೋದ್ರ ಹ್ಯಾಂಗ?"

ಒಂದೇ ಗೋಡೆ ಉಳಿದ ಮನೆಯ ಮುಂದೆ ಮುದುಕಿಯೊಬ್ಬಳು ಕುಳಿತಿದ್ದಳು. ತೆಳ್ಳಗೆ, ನೆಟ್ಟಗೆ. ನಮ್ಮ ಕಡೆಯಿಂದ ಯಾವ ಕಾಲಕ್ಕೋ ಇಲ್ಲಿಗೆ ಬಂದು ನೆಲೆ ನಿಂತವಳಿರಬೇಕು ಅಂದುಕೊಂಡೆನೇ ಹೊರತು ನನಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಸಂತೆಯಲ್ಲಿ ಗುರುತಿನವರು ಕರೆದ ಹಾಗಿತ್ತು. ಹೋಗಿ ಕುಳಿತೆವು. ಎಳನೀರು ಕೆತ್ತಿ ಕೊಟ್ಟಳು. ಬೇಡ ಅಂದರೆ ಕೇಳಲಿಲ್ಲ.

ನನ್ನ ಕೈಯಲ್ಲಿದ್ದ ಫೋನ್ ನೋಡಿ, "ಫೋಟೊ ಬೇಕನು? ತಡೀರಿ, ತಲಿ ಬಾಚ್ಕಂಡು ಬರ್ತೀನಿ" ಎಂದು ಎದ್ದು ಗೋಡೆಯ ಮರೆಗೆ ಹೋದಳು. ತಲೆ ಬಾಚಿ, ಒಗೆದ ಬಿಳಿ ಕುಪ್ಪಸ ತೊಟ್ಟು ಬಂದಳು. ನಾನು ಅವಳಿದ್ದಲ್ಲೇ ನಿಲ್ಲಿಸಿ ತೆಗೆಯಲು ಹೋದರೆ ಕೈ ಅಡ್ಡ ಮಾಡಿದಳು. "ಬಿದ್ದ ಮನಿ ಮುಂದ ಬ್ಯಾಡ. ಎಲ್ಲಾರೂ ಅದನ್ನ ತಗೀತಾರ. ಈ ಹಲಸಿನ ಗಿಡದ ಮುಂದ ತಗೀರಿ. ಇದು ನಾ ಹಚ್ಚಿದ್ದು, ಬಿದ್ದಿಲ್ಲ."

ಮರದ ಮುಂದೆ ನಿಂತ ಅವಳ ಗತ್ತನ್ನು ನಾನು ಮರೆತಿಲ್ಲ. ಅತ್ತಿಗೆಯ ಕಣ್ಣು ತುಂಬಿತು. "ನಮ್ಮೂರಾಗೂ ಹೊಳಿ ಬಂದಿತ್ತವ್ವಾ. ನಾ ಸಣ್ಣಾಕಿ. ನಮ್ಮವ್ವ ಮದ್ಲ ಬಾವಿ ಸ್ವಚ್ಛ ಮಾಡಿಸಿದ್ಲು, ಆಮ್ಯಾಲ ಮನಿ" ಎಂದಳು.

"ನಾನೂ ಅದನ್ನ ಬಡಕಂತೀನಿ. ಬಂದವ್ರು ಬಿಸ್ಕೀಟು ಕೊಡ್ತಾರ, ಹೊದಿಕಿ ಕೊಡ್ತಾರ, ಬಾವಿ ಸುದ್ದಿ ಯಾರೂ ಕೇಳವಲ್ರು. ಗಟ್ಟಿ ಇದ್ದ ಗಂಡಸ್ರೆಲ್ಲ ರಸ್ತೆ ತೆಗಿಯಾಕ ಹೋಗ್ಯಾರ. ನೀವು ಎಷ್ಟು ಮಂದಿ ಅದೀರಿ?"

"ಇಪ್ಪತ್ತೆರಡು" ಎಂದೆ.

"ಆ ರಾಡಿ ಎತ್ತಿ ಹಾಕ್ತೀರನು?" ಎಂದು ಎದುರಿಗಿದ್ದ, ಕೆಸರು ತುಂಬಿದ ಬಾವಿಯತ್ತ ಕೈ ತೋರಿಸಿದಳು.

"ಹ್ಞೂಂ, ಹಾಕ್ತೀವ್ರಿ" ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು.

ಸೇತುವೆಯ ಬಳಿ ಬಂದು ಹೇಳಿದಾಗ ಕೊಟ್ರೇಶ ನಕ್ಕ. "ಬೀಚಿಗೆ ಹೋಗೂದು ಬಿಟ್ಟು ಬಾವಿ ರಾಡಿ ಬಳಿಯೂದನ್ರಿ ಟೀಚರ್? ಯಾರು ಹೇಳಿದ್ರು?"

"ಅಲ್ಲಿ ಒಬ್ಬ ಅಜ್ಜಿ ಕೇಳಿದ್ಲು."

"ಯಾವ ಭಾಷಿಯಾಗ?"

"ಕನ್ನಡದಾಗ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಬಿಸಿಲು ಹತ್ತಿದೆ ಅಂದುಕೊಂಡಿರಬೇಕು. ಆಗ ವ್ಯಾನಿನ ಬಾಗಿಲು ಸರಿಯಿತು. ವೀರಪ್ಪನವರು ಇಳಿದು ಬಂದರು, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು. "ಯಾವ ಭಾಷಿಯಾಗ ಕೇಳಿದ್ರೇನಪಾ? ನಡೀರಿ" ಎಂದರು.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ. ಅಂಗಡಿಯವರು, ಹೊಲದವರು, ಬೀಡಿ ಕಟ್ಟಿ ಹಣ ಉಳಿಸಿ ಬಂದವರು, ಒಬ್ಬರು ನಿವೃತ್ತ ಕಂಡಕ್ಟರು. ಪ್ರವಾಸಕ್ಕೆಂದು ಉಟ್ಟ ಹೊಸ ಬಟ್ಟೆಯಲ್ಲೇ ಬಾವಿಯಿಂದ ಬಯಲಿನವರೆಗೆ ಸಾಲಾಗಿ ನಿಂತರು. ಸಿಕ್ಕ ಬಕೆಟ್, ಕೊಡ, ಡಬ್ಬ ಕೈಯಿಂದ ಕೈಗೆ ದಾಟಿದವು. ಬಾವಿ ಆಳವಿರಲಿಲ್ಲ. ನಕ್ಕಿದ್ದ ಕೊಟ್ರೇಶನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನಿಮಲ್ ದಡದಲ್ಲಿ ಹಗ್ಗ ಹಿಡಿದ. ಊರ ಹೆಂಗಸರು ಮೊದಲು ದೂರ ನಿಂತು ನೋಡಿದರು, ಆಮೇಲೆ ನಮ್ಮ ನಡುನಡುವೆ ಬಂದು ಸೇರಿಕೊಂಡರು. ಮುದುಕಿ ತನ್ನ ಜಾಗದಿಂದಲೇ ಕೈ ಬೀಸಿ ತೋರಿಸುತ್ತ ಉಸ್ತುವಾರಿ ನಡೆಸಿದಳು. ನಾಲ್ಕು ಗಂಟೆಯ ಸುಮಾರಿಗೆ ಕೊಟ್ರೇಶ ಕೆಳಗಿನಿಂದ ಕೂಗಿದ: "ಉಸುಕು ಸಿಕ್ತು! ತಿಳಿನೀರು ಬರಾಕತ್ತೈತಿ!" ಭಾಷೆ ತಿಳಿಯದ ಆ ಹೆಂಗಸರೂ ಚಪ್ಪಾಳೆ ತಟ್ಟಿದರು.

ಮರಳುವಾಗ ವ್ಯಾನಿನಲ್ಲಿ ನಾನು ನಿಮಲ್‌ಗೆ, ಆ ಅಜ್ಜಿ ಅಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಳು ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಅದೇ ಊರಲ್ಲಿ ಹುಟ್ಟಿದವಳು, ಸಿಂಹಳ ಬಿಟ್ಟರೆ ಬೇರೆ ಮಾತು ಬಾರದು ಎಂದ. ನಾನು ವಾದಕ್ಕೆ ನಿಂತೆ. ಫೋನ್ ತೆಗೆದರೆ, ಓಣಿಯಲ್ಲಿ ನಿಲ್ಲಿಸಿದೆ ಅಂದುಕೊಂಡಿದ್ದ ವಿಡಿಯೊ ನಿಂತೇ ಇರಲಿಲ್ಲ. ಚಿತ್ರದಲ್ಲಿ ಬಹುಪಾಲು ನೆಲ, ನಮ್ಮ ಪಾದ, ಫೋಟೊ ತೆಗೆದಾಗ ಮಾತ್ರ ಒಂದು ಗಳಿಗೆ ಹಲಸಿನ ಮರ. ಆದರೆ ದನಿ ಸ್ಪಷ್ಟವಾಗಿತ್ತು. ಅತ್ತಿಗೆಯದು ಕನ್ನಡ. ನನ್ನದು ಕನ್ನಡ. ಮುದುಕಿಯದು ನನಗೆ ಒಂದಕ್ಷರವೂ ತಿಳಿಯದ ಭಾಷೆ.

ನಿಮಲ್ ವ್ಯಾನನ್ನು ರಸ್ತೆಬದಿಗೆ ನಿಲ್ಲಿಸಿ ಕೇಳಿದ. ಕೇಳುತ್ತ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಹೇಳಿದ. ನಿಂತು ನೋಡಿ ಹೋದರೆ ಹೇಗೆ. ತಲೆ ಬಾಚಿಕೊಂಡು ಬರುತ್ತೇನೆ. ಈ ಮರ ನಾನು ನೆಟ್ಟದ್ದು, ಬಿದ್ದಿಲ್ಲ. ಎಷ್ಟು ಜನ ಇದ್ದೀರಿ. ನಾನು ಕೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಅತ್ತಿಗೆ ಏನೆಂದಳು ಎಂಬುದನ್ನು ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಅವನು ನನ್ನತ್ತ ತಿರುಗಿ, ನಿಮ್ಮ ಅತ್ತಿಗೆ ಬಾವಿಯ ಮಾತು ತೆಗೆದದ್ದು ಆ ಅಜ್ಜಿಗೆ ಹೇಗೆ ತಿಳಿಯಿತು ಎಂದು ಕೇಳಿದ. ನಾನು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದೆ.

ಊರಿಗೆ ಮರಳಿ ಇದನ್ನು ಹೇಳಿದಾಗ, ಕೈಸನ್ನೆಯಿಂದ ಊಹಿಸಿರಬಹುದು ಎಂದು ಬಲ್ಲವರೊಬ್ಬರು ಹೇಳಿದರು. ಹಲಸಿನ ಮರ ಯಾರು ನೆಟ್ಟರು ಎಂಬುದನ್ನು ಯಾವ ಕೈಸನ್ನೆ ಹೇಳುತ್ತದೆ? ನೊಂದ ದೇಶಕ್ಕೆ ಮೋಜಿನ ಹಡಗು ಹೋಗುವುದು ಸರಿಯೇ ಎಂಬ ವೀರಪ್ಪನವರ ಪ್ರಶ್ನೆಗೂ ಆ ದಿನ ಉತ್ತರ ಸಿಕ್ಕಿತು ಅನ್ನಲಾರೆ. ನಮ್ಮನ್ನು ಕರೆದು ಕೂರಿಸಿದವಳು ಒಬ್ಬಳಿದ್ದಳು, ಅಷ್ಟೆ. ಇರದಿದ್ದರೆ ನಾವೂ ಫೋಟೊ ತೆಗೆದುಕೊಂಡು ಬರುತ್ತಿದ್ದೆವು.

ಅತ್ತಿಗೆಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. "ಆಕಿ ಹೇಳಿದ್ಲು, ನಮಗ ತಿಳೀತು, ಮಾಡಿ ಬಂದ್ವಿ. ಅದಕ್ಕ ಯಾಕ ಅಷ್ಟು ತಲಿ ಕೆಡಿಸ್ಕಂತಿ?" ಎನ್ನುತ್ತಾಳೆ.

ನಾನು ಮಾತ್ರ ಆ ವಿಡಿಯೊವನ್ನು ಈಗಲೂ ಆಗಾಗ ಹಾಕಿ ಕೇಳುತ್ತೇನೆ. ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು. ಒಂದು ಮಾತಾದರೂ ಮತ್ತೆ ತಿಳಿದೀತೇ ಎಂದು. ತಿಳಿಯುವುದಿಲ್ಲ. ಮುದುಕಿ ಏನೋ ಕೇಳುತ್ತಾಳೆ, ಒಂದು ಕ್ಷಣವೂ ತಡೆಯದೆ ನನ್ನದೇ ದನಿ ಹೇಳುತ್ತದೆ: "ಹ್ಞೂಂ, ಹಾಕ್ತೀವ್ರಿ."